ಮೂರನೇ ಗೇಟಿನ ಹುತ್ತ

ಪೀಣ್ಯದ ಒಂದು ಬೇರಿಂಗ್ ಕಾರ್ಖಾನೆಯವರು ಕ್ಯಾಲೆಂಡರಿಗೆಂದು ನಾನು ತೆಗೆದ ಬೆಳ್ಳಕ್ಕಿಯ ಫೋಟೊ ವಾಪಸ್ ಕಳಿಸಿದರು. ಬೆಳ್ಳಕ್ಕಿ ಚೆನ್ನಾಗಿದೆಯಂತೆ, ಅದು ನಿಂತಿರುವ ನೀರು ಚೆನ್ನಾಗಿಲ್ಲವಂತೆ. "ನೀರೊಂದು ನೀಲಿ ಮಾಡಿಕೊಡಿ ಮೇಡಂ" ಅಂದರು. ಆ ನೀರಿಗೆ ಈಗಿರುವ ಬಣ್ಣ ಎಲ್ಲಿಂದ ಬಂತು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನೀಲಿ ಮಾಡಿ ಕೊಟ್ಟೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಒಂದು ಗರುಡ ಕ್ಯಾಂಟೀನಿನ ಹಿಂದಿನಿಂದ ರುಮಾಲಿ ರೊಟ್ಟಿ ಎತ್ತಿಕೊಂಡು ಹಾರುವುದನ್ನು ಹಿಡಿದಿದ್ದೆ. ಅಲ್ಲಿನ ಎಚ್‌ಆರ್ ಹುಡುಗಿಗೆ ಅದು ಬಹಳ ಹಿಡಿಸಿತು. "ತುಂಬಾ ಮೋಟಿವೇಷನಲ್ ಆಗಿದೆ, ರೊಟ್ಟಿ ಮಾತ್ರ ತೆಗೆದುಬಿಡಿ" ಅಂದಳು. ರೊಟ್ಟಿ ತೆಗೆದ ಮೇಲೆ ಗರುಡ ಆಕಾಶದಲ್ಲಿ ಯಾರ ಮುಂದೆಯೋ ಕಾಲು ಚಾಚಿ ಏನನ್ನೋ ಬೇಡುತ್ತಿರುವಂತೆ ಕಂಡಿತು. ಜನವರಿ ತಿಂಗಳಿಗೆ ಅದೇ ಆಯ್ಕೆಯಾಯಿತು.

ನನ್ನ ಹೆಸರು ನೀಲಾಂಬಿಕಾ. ರಾಣೆಬೆನ್ನೂರಿನವಳು. ಗಂಡನ ಸ್ಟುಡಿಯೊದಲ್ಲಿ ಮದುಮಕ್ಕಳ ಗಲ್ಲ ಎತ್ತಿ ಹಿಡಿಯುತ್ತ ಕ್ಯಾಮೆರಾ ಕಲಿತೆ. ಜನ ಮೊಬೈಲಿನಲ್ಲೇ ಮದುವೆ ತೆಗೆದುಕೊಳ್ಳಲು ಶುರುಮಾಡಿದಾಗ ಗಂಡ ಸ್ಟುಡಿಯೊ ಮುಚ್ಚಿ ಮನೆಯಲ್ಲಿ ಕೂತರು, ನಾನು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಊರೂರು ತಿರುಗತೊಡಗಿದೆ. ಹಕ್ಕಿಗಳು ಗಲ್ಲ ಎತ್ತಿ ಹಿಡಿಯಲು ಬಿಡುವುದಿಲ್ಲ. ಆದರೆ ಫೋಟೊದಲ್ಲಿ ತಾವು ಬೆಳ್ಳಗೆ ಬಂದಿಲ್ಲವೆಂದು ಜಗಳವನ್ನೂ ಆಡುವುದಿಲ್ಲ. ಈಗ ಐವತ್ತರ ಹತ್ತಿರ ಬಂದಿದ್ದೇನೆ. ಚಳಿಗಾಲ ಬಂತೆಂದರೆ ಬೆಂಗಳೂರಿನ ಕಂಪನಿಗಳಿಗೆಲ್ಲ ಒಟ್ಟಿಗೇ ಪರಿಸರದ ನೆನಪಾಗುತ್ತದೆ. ಆಗ ನಾನು ಬರುತ್ತೇನೆ. ವಲಸೆ ಹಕ್ಕಿಗಳೂ ಅದೇ ಹೊತ್ತಿಗೆ ಬರುತ್ತವೆ.

ಈ ಸಲ ವೈಟ್‌ಫೀಲ್ಡ್ ಕಡೆಯ ಒಂದು ಟೆಕ್ ಪಾರ್ಕ್ ಕರೆಸಿತ್ತು. ಅದರ ಹೆಸರಿನಲ್ಲಿ ಒಂದು ಕಾಡೂ ಒಂದು ಕಣಿವೆಯೂ ಇದ್ದವು. ಒಳಗೆ ಎರಡೂ ಇರಲಿಲ್ಲ. ಉಳಿದುಕೊಳ್ಳಲು ಪಕ್ಕದ ಪಟ್ಟಂದೂರು ಅಗ್ರಹಾರದಲ್ಲಿ ತಿಂಗಳ ಮಟ್ಟಿಗೆ ಒಂದು ಕೋಣೆ ಹಿಡಿದೆ. ಬೆಂಕಿಪೊಟ್ಟಣಗಳನ್ನು ಒಂದರ ಮೇಲೊಂದು ಜೋಡಿಸಿದಂಥ ಕಟ್ಟಡ. ಒಡತಿ ಅಂಜಿನಮ್ಮ, ವಯಸ್ಸಾದವಳು, ನೆಲಮಹಡಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು.

"ಒಬ್ಳೇನಾ? ಯಜಮಾನ್ರು?"

"ಊರಾಗ ಅದಾರ್ರೀ."

"ಬುಟ್ಬುಟ್ರಾ?"

"ಇಲ್ರೀ. ದಿನಾ ಫೋನ್ ಮಾಡ್ತಾರ."

ಅಷ್ಟರಲ್ಲೇ ಅವರ ಫೋನು ಬಂತು. ಕೊಬ್ಬರಿ ಡಬ್ಬಿ ಎಲ್ಲಿದೆ ಎಂದು ಕೇಳಿದರು. ಕಪಾಟಿನ ಮೇಲಿನ ಅರೆಯಲ್ಲಿ, ಶೇಂಗಾ ಡಬ್ಬಿಯ ಹಿಂದೆ ಎಂದೆ. ಅಂಜಿನಮ್ಮ ಕೇಳಿಸಿಕೊಂಡು ತಲೆಯಾಡಿಸಿದಳು. "ಊಂ. ಬುಟ್ಟಿಲ್ಲ, ದಿಟ" ಅಂದಳು. ಕೀಲಿ ಕೈಗೆ ಕೊಟ್ಟಳು.

ಟೆಕ್ ಪಾರ್ಕಿನಲ್ಲಿ ನನ್ನನ್ನು ಕರೆಸಿದ್ದವರು ಗುರುರಾಜ್ ಎಂಬವರು, ಸುಸ್ಥಿರತೆಯ ಮುಖ್ಯಸ್ಥರು. ಅವರ ಮೇಜಿನ ಮೇಲಿದ್ದ ಗಿಡ ಪ್ಲಾಸ್ಟಿಕ್ಕಿನದು. ಪಾರ್ಕಿಗೆ ಹಸಿರು ಸರ್ಟಿಫಿಕೇಟು ಬೇಕಾಗಿತ್ತು, ಅದಕ್ಕೆ ಆವರಣದೊಳಗೆ ಒಂದಾದರೂ ವನ್ಯಜೀವಿ ಇದೆ ಎಂಬುದಕ್ಕೆ ಫೋಟೊ ಬೇಕಾಗಿತ್ತು.

"ಪಾರಿವಾಳ ಕೌಂಟ್ ಆಗಲ್ಲ ಮೇಡಂ, ನೋಡಿದ್ದೀವಿ. ನಾಯಿನೂ ಆಗಲ್ಲ. ಮೂರನೇ ಗೇಟ್ ಹತ್ರ ಒಂದು ಹುತ್ತ ಇದೆ. ಅದನ್ನ ಒಂದ್ಸಲ ಅಸೆಸ್ ಮಾಡಿ."

"ಹಾವು ಇದ್ದರೆ ಸಾಕೇನ್ರೀ?"

"ಅಯ್ಯೋ, ಹಾವು ಇದ್ರೆ ಸೇಫ್ಟಿ ಇಶ್ಯೂ. ರೆಸ್ಕ್ಯೂ ಟೀಮ್ ಕರ್ಸಿ ಹಿಡಿಸಿಬಿಡ್ತೀವಿ."

"ಇಲ್ಲದಿದ್ದರೆ?"

"ಇಲ್ಲಾಂದ್ರೆ ಅದು ವೇಕೆಂಟ್ ಸ್ಟ್ರಕ್ಚರ್ ಅಲ್ವಾ? ಅಲ್ಲಿ ಎಲೆಕ್ಟ್ರಿಕ್ ಕಾರ್ ಚಾರ್ಜಿಂಗ್ ಬೇ ಬರುತ್ತೆ. ಅದಕ್ಕೂ ಹಸಿರು ಪಾಯಿಂಟ್ ಸಿಗುತ್ತೆ ಮೇಡಂ. ಒಟ್ಟಲ್ಲಿ ವಿನ್-ವಿನ್."

ಹುತ್ತಕ್ಕೆ ಯಾವ ವಿನ್ನೂ ಇರಲಿಲ್ಲ. ಅದನ್ನು ನೋಡೋಣವೆಂದು ಸೋಮವಾರ ಬೆಳಿಗ್ಗೆ ಹೊರಟಾಗ ಅಂಜಿನಮ್ಮ ಕೈಯಲ್ಲಿ ಹಾಲಿನ ಗಿಂಡಿ, ಸೆರಗಿನಲ್ಲಿ ಏನೋ ಗಂಟು ಹಿಡಿದು ಹೊರಟಿದ್ದಳು. ದಾರಿಯಲ್ಲಿ ಜೊತೆಯಾದೆವು. ಆಮೇಲೆ ತಿಳಿಯಿತು, ನಾವಿಬ್ಬರೂ ಹೊರಟಿದ್ದು ಒಂದೇ ಜಾಗಕ್ಕೆ.

ಆ ಪಾರ್ಕಿನ ಕಾರು ನಿಲ್ಲಿಸುವ ಜಾಗವೆಲ್ಲ ಒಂದು ಕಾಲಕ್ಕೆ ಅವಳ ಗಂಡ ಚಿಕ್ಕಬೈರಪ್ಪನ ರಾಗಿ ಹೊಲ. ಹೊಲ ಮಾರಿದಾಗ ಹುತ್ತವನ್ನೂ ಅದರ ಬುಡದ ನಾಗರಕಲ್ಲನ್ನೂ ಕೀಳಲು ಜೆಸಿಬಿಯವನು ಒಪ್ಪಲಿಲ್ಲ. ಗಾಡಿ ಆಫ್ ಮಾಡಿ ಕೈಮುಗಿದು ಮನೆಗೆ ಹೋಗಿಬಿಟ್ಟನಂತೆ. ಹಾಗೆ ಅದು ಉಳಿಯಿತು. ಊರಿನ ಮಿಕ್ಕ ಹೆಂಗಸರು ವರ್ಷಕ್ಕೊಮ್ಮೆ ಷಷ್ಠಿಗೆ ಬೇರೆಲ್ಲೋ ಹಾಲಿನ ತನಿ ಎರೆದು, ಹುತ್ತದ ಬಾಯಿಗೆ ಕೋಳಿಮೊಟ್ಟೆ ಇಟ್ಟು ಬರುತ್ತಾರೆ. ಅಂಜಿನಮ್ಮ ಮಾತ್ರ ಇಲ್ಲಿಗೆ, ಅದೂ ವಾರವಾರ ಬರುತ್ತಾಳೆ.

ಮೂರನೇ ಗೇಟಿನಲ್ಲಿ ಒಂದು ಮಷೀನು, ಅದರ ಪಕ್ಕ ರಾಯಚೂರು ಕಡೆಯ ಸೆಕ್ಯುರಿಟಿ ಮರೆಪ್ಪ. ಅವನು ಅಂಜಿನಮ್ಮನನ್ನು ಮಷೀನಿನ ಕ್ಯಾಮೆರಾ ಮುಂದೆ ನಿಲ್ಲಿಸಿದ, ಬಟನ್ ಒತ್ತಿದ, ಚೀಟಿ ಬಂತು. ನಾನು ಇಣುಕಿ ಓದಿದೆ. ಅಂಜಿನಮ್ಮ, ಭೇಟಿಯ ಉದ್ದೇಶ: ಇಂಟರ್‌ವ್ಯೂ.

"ಏನ್ ಮಾಡ್ಲಿ ಮೇಡಂ, ಮಷೀನದಾಗ ಮೂರ ಬಟನ್ ಅದಾವ" ಅಂದ ಮರೆಪ್ಪ. "ಮೀಟಿಂಗ್ ಅಂತ ಒತ್ತಿದ್ರ ಯಾರ ಜೋಡಿ ಅಂತ ಕೇಳತೈತಿ. ನಾಗಪ್ಪನ ಹೆಸರು ಅದರಾಗ ಇಲ್ಲ. ಡೆಲಿವರಿಗೆ ಬಿಲ್ ಬೇಕು. ಇಂಟರ್‌ವ್ಯೂಕ್ಕ ಯಾರರ ಬರಬಹುದು."

"ಇವ್ನು ನನ್ನ ವಾರವಾರ ಪರೀಕ್ಷೆಗೆ ಕಳುಸ್ತಾನೆ ಕಣವ್ವ" ಅಂದಳು ಅಂಜಿನಮ್ಮ.

"ಇನ್ನೂ ಸೆಲೆಕ್ಟ್ ಆಗಿಲ್ಲ ನೋಡ್ರಿ" ಅಂದ ಮರೆಪ್ಪ.

ಹುತ್ತ ಅವಳ ಎದೆಯ ಎತ್ತರಕ್ಕಿತ್ತು. ಒಂದು ಪಕ್ಕ ಜನರೇಟರು, ಇನ್ನೊಂದು ಪಕ್ಕ ಸಾಲು ಕಾರುಗಳು. ಅಂಜಿನಮ್ಮ ಹಾಲೆರೆದಳು, ಅರಿಶಿನ ಇಟ್ಟಳು, ಸೆರಗಿನ ಗಂಟಿನಿಂದ ಮೊಟ್ಟೆ ತೆಗೆದು ಹುತ್ತದ ಬಾಯಲ್ಲಿಟ್ಟಳು. ಪೂಜೆ ಅಷ್ಟೇ. ಆಮೇಲೆ ಅವಳು ಎಣ್ಣೆ ಹಚ್ಚಿದಂತೆ ಹೊಳೆಯುತ್ತಿದ್ದ ನಾಗರಕಲ್ಲಿಗೆ ಒರಗಿ ಕಾಲು ಚಾಚಿ ಕೂತಳು, ಬಿಸಿಲಿಗೆ ಮುಖವೊಡ್ಡಿ, ಸಣ್ಣ ದನಿಯಲ್ಲಿ ಏನೇನೋ ಹೇಳತೊಡಗಿದಳು. ಮಂತ್ರವಿರಬೇಕು ಎಂದುಕೊಂಡೆ. ಹತ್ತಿರ ಹೋದಾಗ ಸೊಸೆ ಸಾರಿಗೆ ಹುಣಸೆಹಣ್ಣು ಸುರಿಯುವ ವಿಚಾರ ಕಿವಿಗೆ ಬಿತ್ತು. ನಾನು ದೂರ ಸರಿದು ಜನರೇಟರಿನ ಮೇಲಿದ್ದ ಒಂದು ಪಾರಿವಾಳದ ಫೋಟೊ ತೆಗೆಯುತ್ತ ನಿಂತೆ.

ವಾಪಸ್ ಬರುವಾಗ ಚಾರ್ಜಿಂಗ್ ಬೇ ವಿಷಯ ಹೇಳಿಬಿಟ್ಟೆ. ಅವಳು ನಿಂತಳು.

"ನಿನ್ ತಾವ ಅಷ್ಟು ದೊಡ್ಡ ಕ್ಯಾಮ್ರಾ ಐತಲ್ಲ. ನಾಗಪ್ಪ ಎಡೆ ಬಿಚ್ಚಿರೋದು ಒಂದು ಪೋಟ ತೆಗ್ದುಕೊಡವ್ವ. ನೋಡುದ್ರೆ ಎದರ್ಕಂಡು ಸುಮ್ನಾಯ್ತಾರೆ."

"ಹಾವು ಕಂಡರೆ ಹಿಡಿಸಿಬಿಡ್ತಾರಂತ್ರೀ."

ಅದು ಅವಳಿಗೆ ಹೊಸದು. ಮತ್ತೆ ನಡೆಯತೊಡಗಿದಳು. ಆಮೇಲೆ, ದೇವರ ವಿಷಯ ಬಿಟ್ಟು, ಬೇರೆಯೇ ಹೇಳಿದಳು.

"ನಮ್ಮ ಮನೇಲಿ ಎಷ್ಟು ರೂಮು ಅವೆ ನೋಡಿದೀಯಲ್ಲ? ಕೂತ್ರೆ ಒಬ್ಬ ನೀರಿಲ್ಲ ಅಂತ ಬತ್ತಾನೆ, ನಿಂತ್ರೆ ಒಬ್ಬ ಕರೆಂಟಿಲ್ಲ ಅಂತ ಬತ್ತಾನೆ. ಮಗನ ಮನೆ, ಮೊಮ್ಮಕ್ಕಳ ಟೀವಿ. ಮದ್ವೆ ಆಗಿ ಬಂದಾಗ ಅತ್ತೆ ಇದ್ಲು. ಆ ಕಾಲದಿಂದ ನಾನು ಬಾಯ್ಬುಟ್ಟಿರೋದು ಅಲ್ಲೇ ಕಣವ್ವ. ಒಲದ ಕೆಲ್ಸ ಮುಗುಸಿ ಅಲ್ಲೋಗಿ ಕೂತ್ರೆ ಆವಿನ ಬಯಕ್ಕೆ ಯಾರೂ ಇಂದೆ ಬತ್ತಿರ್ಲಿಲ್ಲ." ಅವಳು ಗಿಂಡಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. "ನಮ್ಮೆಜಮಾನ್ರು ತೀರೋದಾಗ ಎಲ್ರೂ ಅತ್ರು. ನಂಗೆ ಅಳು ಬರ್ಲಿಲ್ಲ. ಎದೆ ಮೇಲಿನ ಕಲ್ಲು ಎತ್ತಿಟ್ಟಂಗೆ ಆತು. ಇದನ್ನ ಯಾರ ತಾವ ಯೋಳ್ಲಿ? ಮಗನ ತಾವ ಯೋಳ್ಳಾ?"

ನಾನು ಕ್ಯಾಮೆರಾದ ಪಟ್ಟಿಯನ್ನು ಹೆಗಲಿಗೆ ಏರಿಸಿಕೊಂಡೆ.

"ನೀನು ಎಲ್ಲಿ ಯೋಳ್ಕತೀಯ?" ಅಂದಳು.

ಕ್ಯಾಮೆರಾ ಮುಖಕ್ಕೆ ಹಿಡಿದರೆ ಯಾರೂ ನನ್ನನ್ನು ಮಾತಾಡಿಸುವುದಿಲ್ಲ. ಆ ಹೊತ್ತಿನಲ್ಲಿ ನಾನು ಎಷ್ಟೋ ಸಲ ಏನನ್ನೂ ತೆಗೆದಿರುವುದಿಲ್ಲ. ಅದನ್ನು ವಿವರಿಸಲು ಹೋಗಲಿಲ್ಲ. ಕೊಬ್ಬರಿ ಸಿಕ್ಕಿತೆಂದು ಹೇಳಲು ಫೋನು ಬಂತು.

ಮುಂದಿನ ಸೋಮವಾರ ಅವಳು ಮೊಟ್ಟೆ ಇಟ್ಟು ಹೋದ ಮೇಲೆ ನಾನು ಎದುರಿನ ಕಾರಿನ ಹಿಂದೆ ಕ್ಯಾಮೆರಾ ಹೂಡಿ ಕೂತೆ. ಬಿಸಿಲು ಏರಿತು. ಹುತ್ತದೊಳಗಿಂದ ಒಂದು ಮೂತಿ ಹೊರಬಂತು. ಗುಲಾಬಿ ಮೂಗು, ಪುಟ್ಟ ಕಿವಿ. ಹಿಂದೆಯೇ ಉದ್ದನೆಯ ಬೂದು ಮೈ, ಪೊದೆಯಂಥ ಬಾಲ. ಮುಂಗುಸಿ.

ಅದು ಅತ್ತಿತ್ತ ನೋಡಿತು. ಮೊಟ್ಟೆಯನ್ನು ಮುಂಗಾಲುಗಳಲ್ಲಿ ಹಿಡಿದು ನಾಗರಕಲ್ಲಿನವರೆಗೆ ಉರುಳಿಸಿತು. ಕಲ್ಲಿಗೆ ಬೆನ್ನು ಮಾಡಿ ನಿಂತು, ಸಣ್ಣಗೆ ಹಾರಿ, ಹಿಂಗಾಲುಗಳ ನಡುವಿನಿಂದ ಮೊಟ್ಟೆಯನ್ನು ಹಿಂದಕ್ಕೆ ಎಸೆಯಿತು. ಮೊಟ್ಟೆ ಸರಿಯಾಗಿ ಕೆತ್ತಿದ ಹೆಡೆಗೆ ಬಡಿದು ಒಡೆಯಿತು. ಮುಂಗುಸಿ ತಿರುಗಿ ನಾಗಪ್ಪನ ಮೈಯನ್ನು ಮೇಲಿನಿಂದ ಕೆಳಗಿನವರೆಗೆ ನೆಕ್ಕಿತು. ಕಲ್ಲು ಯಾಕೆ ಅಷ್ಟು ಹೊಳೆಯುತ್ತಿತ್ತು ಎಂಬುದು ನನಗೆ ಆಗ ಹೊಳೆಯಿತು.

ಅಂಜಿನಮ್ಮ ಇಷ್ಟು ವರ್ಷ ಹಾವಿಗೆಂದು ಅದರ ಹಗೆಯನ್ನು ಸಾಕಿದ್ದಳು.

ಆದರೆ ಮುಂಗುಸಿ ಹಾವಲ್ಲ, ಅದನ್ನು ಹಿಡಿಸಬೇಕಾಗಿಲ್ಲ. ಹುತ್ತ ಖಾಲಿಯೂ ಅಲ್ಲ. ಗುರುರಾಜರ ಎರಡು ದಾರಿಗಳ ನಡುವೆ ಮೂರನೆಯದು ಸಿಕ್ಕಿತೆಂದು ಓಡಿದೆ. ಫೋಟೊ ನೋಡಿ ಅವರು ಕುರ್ಚಿಯಿಂದ ಎದ್ದುಬಿಟ್ಟರು.

"ಮೇಡಂ, ಇದು ಫ್ಯಾಂಟಾಸ್ಟಿಕ್! ಅಜೈಲ್ ಅಂದ್ರೆ ಇದೇ ಅಲ್ವಾ? ನೋಡಿ, ಪ್ರಾಬ್ಲಮ್ ಸಾಲ್ವ್ ಮಾಡ್ತಿದೆ!"

ವಾರದೊಳಗೆ ಮುಂಗುಸಿಗೆ ಒಂದು ಹೆಸರಿಟ್ಟರು. ಅದಕ್ಕೆ ಉದ್ಯೋಗಿಗಳಲ್ಲಿ ಸ್ಪರ್ಧೆ ನಡೆಯಿತು. ಟೀ ಶರ್ಟು ಬಂತು. ಅದರ ಮೇಲಿನ ಮುಂಗುಸಿ ಹೆಡ್‌ಫೋನ್ ಹಾಕಿಕೊಂಡಿತ್ತು. ಹುತ್ತದ ಎದುರು ಒಂದು ಕಂಬ ನೆಟ್ಟು ಕ್ಯಾಮೆರಾ ಕೂರಿಸಿದರು, ಲಾಬಿಯ ದೊಡ್ಡ ಪರದೆಯ ಮೇಲೆ ಹಗಲೆಲ್ಲ ಹುತ್ತ ಕಾಣುವ ಹಾಗೆ. ಸುತ್ತ ಹಸಿರು ಬೇಲಿ ಬಂತು. ಬೇಲಿಗೆ ಒಂದು ಫಲಕ: ಸಂರಕ್ಷಿತ ಆವಾಸಸ್ಥಾನ, ಮನುಷ್ಯರಿಗೆ ಪ್ರವೇಶವಿಲ್ಲ.

ಆ ಸೋಮವಾರ ಮರೆಪ್ಪ ಇಂಟರ್‌ವ್ಯೂ ಬಟನ್ ಒತ್ತಿದ, ಚೀಟಿ ಬಂತು, ಅಂಜಿನಮ್ಮ ಒಳಗೆ ಹೋದಳು, ಬೇಲಿಯ ಮುಂದೆ ನಿಂತಳು. ವಾಪಸ್ ಬಂದಳು. ಹಾಲು ಗಿಂಡಿಯಲ್ಲೇ ಇತ್ತು.

ಅವಳ ಮಗ ಶಶಿಕುಮಾರ್, ಕುತ್ತಿಗೆಗೆ ಹಗ್ಗದಂಥ ಸರ ಹಾಕಿಕೊಂಡವನು, ಬಿಳಿ ಕಾರು ಒರೆಸುತ್ತ, "ಬಿಡಮ್ಮೋ, ಮಾರ್ಬಲ್ ನಾಗಪ್ಪನ್ನೇ ತಂದು ಟೆರೇಸ್ ಮೇಲೆ ಕೂರಿಸ್ತೀನಿ, ಸಿಂಟೆಕ್ಸ್ ಪಕ್ಕದಲ್ಲಿ" ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದ. ಅವಳು ಅವನ ಕಡೆ ನೋಡಲಿಲ್ಲ. ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತಳು.

"ನಾನು ಆವಿನ ಪೋಟ ಕೇಳುದ್ರೆ ನೀನು ಬೇಲಿ ಆಕ್ಸಿಕೊಟ್ಯಲ್ಲವ್ವ."

ಹುತ್ತ ಉಳಿಯಿತಲ್ಲ ಎಂದು ನಾನು ಹೆಮ್ಮೆಪಟ್ಟುಕೊಂಡಿದ್ದೆ. ಅದು ಯಾರಿಗೆ ಉಳಿಯಬೇಕಿತ್ತು ಎಂಬುದನ್ನು ಮರೆತಿದ್ದೆ. ಕ್ಯಾಮೆರಾ ತೆಗೆದು ಆ ಚಿತ್ರಗಳನ್ನು ಒಂದೊಂದಾಗಿ ತೋರಿಸಿದೆ. ಮೂತಿ. ಮೈ. ಕಲ್ಲಿಗೆ ಬೆನ್ನು. ಹಾರುತ್ತಿರುವ ಮೊಟ್ಟೆ. ಅವಳು ಕಣ್ಣು ಕಿರಿದುಮಾಡಿ ನೋಡಿದಳು. ದೇವರ ಮೈಮೇಲೆ ಲೋಳೆ ಇಳಿಯುವ ಚಿತ್ರದಲ್ಲಿ ಬಹಳ ಹೊತ್ತು ನಿಂತಳು. ನನಗೆ ಹೆದರಿಕೆಯಾಯಿತು, ಯಾಕಾದರೂ ತೋರಿಸಿದೆನೋ ಎಂದು.

"ಇಷ್ಟ್ ವರ್ಷ ಇವ್ನಾ ನನ್ ಮಾತು ಕೇಳಿದ್ದು?"

"ಹೌದನಿಸ್ತದ್ರೀ."

"ಒಂದು ಮಾತೂ ಒರಗೆ ಆಡ್ಲಿಲ್ಲ ನೋಡು" ಅಂದಳು. ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದಳು, ನಕ್ಕು ನಕ್ಕು ನನ್ನ ಹಾಸಿಗೆಯ ಮೇಲೆ ಕೂತುಬಿಟ್ಟಳು. ನಗು ಎಲ್ಲಿಗೆ ಮುಗಿದು ಬೇರೆ ಯಾವುದು ಶುರುವಾಯಿತೋ ಹೇಳುವುದು ಕಷ್ಟ. ಕಣ್ಣೊರೆಸಿಕೊಂಡು, "ಈಗ ಅವನ್ನ ನೋಡಕ್ಕೂ ಬುಡಲ್ವಲ್ಲ" ಅಂದಳು.

ಬೇಲಿ ಬಂದ ಮೇಲೆ ಮೊಟ್ಟೆ ನಿಂತಿತು. ಮೊಟ್ಟೆ ನಿಂತ ಮೇಲೆ ಮುಂಗುಸಿ ಒಂದೆರಡು ಸಲ ಬಂದು, ಕಲ್ಲು ಮೂಸಿ, ಆಮೇಲೆ ಬರಲಿಲ್ಲ. ಲಾಬಿಯ ಪರದೆಯ ಮೇಲೆ ಹಗಲೆಲ್ಲ ಒಂದು ಖಾಲಿ ಹುತ್ತ. ಒಮ್ಮೆ ಒಂದು ಹೆಗ್ಗಣ ಬಂದಾಗ ರಿಸೆಪ್ಷನ್ನಿನವರು ಚಪ್ಪಾಳೆ ತಟ್ಟಿದರಂತೆ. ಸರ್ಟಿಫಿಕೇಟಿನವರು ನೋಡಲು ಬರುವ ದಿನ ಹತ್ತಿರವಾಗಿತ್ತು. ಗುರುರಾಜ್ ಫೋನ್ ಮಾಡಿದರು.

"ಮೇಡಂ, ನಮ್ಮ ಮ್ಯಾಸ್ಕಾಟ್ ಲಾಗಿನ್ ಆಗ್ತಾ ಇಲ್ಲ."

"ಮೊಟ್ಟೆ ಇಡಬೇಕ್ರೀ" ಅಂದೆ.

ಇಟ್ಟರು. ಆದರೆ ಆ ಆವರಣದೊಳಗೆ ಬೇಯಿಸದ ಆಹಾರ ತರುವಂತಿಲ್ಲ ಎಂದು ಸುರಕ್ಷತೆಯ ನಿಯಮವಿತ್ತು. ಹಾಗಾಗಿ ಕ್ಯಾಂಟೀನಿನಿಂದ ಬೇಯಿಸಿದ ಮೊಟ್ಟೆ ತರಿಸಿದರು, ತಟ್ಟೆಯಲ್ಲಿ. ಸುಲಿಯುವುದೊಂದನ್ನು ಬಿಟ್ಟಿದ್ದರು. ನಾನು ಲಾಬಿಯಲ್ಲಿ ನಿಂತು ಪರದೆ ನೋಡುತ್ತಿದ್ದೆ. ಎಲ್ಲಿತ್ತೋ, ಮುಂಗುಸಿ ಬಂತು. ಮೊಟ್ಟೆ ಉರುಳಿಸಿತು, ಬೆನ್ನು ಮಾಡಿತು, ಎಸೆಯಿತು. ಮೊಟ್ಟೆ ಕಲ್ಲಿಗೆ ಬಡಿದು ಚೆಂಡಿನ ಹಾಗೆ ಪಕ್ಕಕ್ಕೆ ಬಿತ್ತು. ಮತ್ತೆ ಎಸೆಯಿತು. ಮೂಸಿ ನೋಡಿತು. ಆಮೇಲೆ ಕ್ಯಾಮೆರಾದ ಕಡೆ ತಿರುಗಿ ಒಂದು ನೋಟ ನೋಡಿತು. ಅಂಥ ನೋಟವನ್ನು ನಾನು ಮದುವೆ ಮನೆಗಳಲ್ಲಿ ಊಟ ತಡವಾದಾಗ ಬೀಗರ ಮುಖದಲ್ಲಿ ಕಂಡಿದ್ದೆ. ಅದು ಹೊರಟುಹೋಯಿತು.

"ಹಸಿಮೊಟ್ಟೆಗೆ ಅಪ್ರೂವಲ್ ಸಿಗಲ್ಲ ಮೇಡಂ" ಅಂದರು ಗುರುರಾಜ್, ಕಂಗಾಲಾಗಿ. "ಪಾಲಿಸಿ."

"ಇಷ್ಟು ವರ್ಷ ಹಸಿಮೊಟ್ಟೆ ಒಳಗ ಬಂದೈತ್ರೀ. ಸೆರಗಿನಾಗ."

ಅವರಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಸಂಜೆ ನಾವಿಬ್ಬರೂ ಅಂಜಿನಮ್ಮನ ಮುಂದೆ ಕೂತಿದ್ದೆವು. ಗುರುರಾಜರಿಗೆ ಪ್ಲಾಸ್ಟಿಕ್ ಸ್ಟೂಲು. ಸುತ್ತ ಬಾಡಿಗೆಯವರು ನೀರಿನ ಬಿಂದಿಗೆ ಹಿಡಿದು ನಿಂತು ನೋಡುತ್ತಿದ್ದರು.

"ನಿಮಗೆ ಒಂದು ಕೆಲಸ ಕೊಡ್ತೀವಮ್ಮ. ಆವಾಸಸ್ಥಾನ ಸಹಾಯಕಿ. ವಾರಕ್ಕೊಂದ್ಸಲ ಬಂದು, ಅದೇ, ನಿಮ್ಮ ಪದ್ಧತಿ ಪ್ರಕಾರ ಮಾಡಿ ಹೋಗಿ. ಸೆರಗು ನಾವು ಚೆಕ್ ಮಾಡಲ್ಲ."

"ಕೂರಬೌದಾ?"

"ಅಂದ್ರೆ?"

"ಮೊಟ್ಟೆ ಇಕ್ಕಿ ಓಡ್ಬರಕ್ಕೆ ನಾನು ಕೋಳಿಯಾ? ಕೂರಬೇಕು. ನಂಗೆ ಸಾಕು ಅನ್ನೋಗಂಟ."

"ಆಯ್ತು, ಕೂತ್ಕೊಳ್ಳಿ."

"ನಾನು ಕೂತಿರೋಗಂಟ ಆ ಕಂಬದ ಕಣ್ಣು ಮುಚ್ಚಬೇಕು."

ಗುರುರಾಜ್ ನನ್ನ ಕಡೆ ನೋಡಿದರು. ಅದು ಲೈವ್, ಅದನ್ನು ನಿಲ್ಲಿಸಲು ಬೇರೆ ಊರಿನ ಆಫೀಸಿನಿಂದ ಒಪ್ಪಿಗೆ ಬರಬೇಕು, ತಮ್ಮ ಕೈಯಲ್ಲಿಲ್ಲ ಎಂದು ಏನೇನೋ ಹೇಳಿದರು. ಕ್ಯಾಮೆರಾಕ್ಕೆ ಕಿವಿಯಿಲ್ಲ, ಮಾತು ಕೇಳಿಸುವುದಿಲ್ಲ ಎಂದೂ ಹೇಳಿದರು.

"ಮೊಕ ಕಾಣಲ್ವಾ?" ಅಂದಳು ಅಂಜಿನಮ್ಮ.

ಗುರುರಾಜ್ ನೋಡೋಣ, ಪ್ರಯತ್ನ ಮಾಡೋಣ ಎಂದು ಎದ್ದರು. ಐಡಿ ಕಾರ್ಡಿಗೆ ಫೋಟೊ ನಾನೇ ತೆಗೆದೆ. ನಗಿ ಎಂದರೆ ಅವಳು ಹುಬ್ಬು ಗಂಟಿಕ್ಕಿದಳು.

ಸರ್ಟಿಫಿಕೇಟಿನವರು ಬಂದ ದಿನ ಸೋಮವಾರವೇ ಆಗಿತ್ತು. ಅಂಜಿನಮ್ಮ ಕೊರಳಿಗೆ ನೀಲಿ ಪಟ್ಟಿಯ ಕಾರ್ಡು ಹಾಕಿಕೊಂಡು, ಗಿಂಡಿ ಹಿಡಿದು ಮೂರನೇ ಗೇಟಿಗೆ ಬಂದಳು. ಮರೆಪ್ಪ ಎದ್ದು ಸೆಲ್ಯೂಟ್ ಹೊಡೆದ.

"ಕೊನಿಗೂ ಸೆಲೆಕ್ಟ್ ಆದ್ರಿ ಅಮ್ಮಾ!"

"ಇನ್ನೇನು, ನಿನ್ ಸಾಯೇಬನೇ ನಾನು ಈಗ. ಸರ್ಕೊ" ಅಂದಳು.

ನಾನು ಲಾಬಿಯಲ್ಲಿದ್ದೆ. ಬಂದವರು ಮೂವರು, ಸೂಟು ಹಾಕಿಕೊಂಡವರು, ಪರದೆಯ ಮುಂದೆ ನಿಂತಿದ್ದರು. ಗುರುರಾಜ್ ಪಕ್ಕದಲ್ಲಿ ಬೆವರುತ್ತಿದ್ದರು. ಪರದೆಯ ಮೇಲೆ ಬೇಲಿಯ ಬಾಗಿಲು ತೆರೆಯಿತು. ಅಂಜಿನಮ್ಮ ಹಾಲೆರೆದಳು, ಮೊಟ್ಟೆ ಇಟ್ಟಳು, ಹತ್ತಡಿ ಹಿಂದೆ ಸರಿದು ನಿಂತಳು. ಮುಂಗುಸಿ ಬಂತು. ಉರುಳಿಸಿತು, ಬೆನ್ನು ಮಾಡಿತು, ಎಸೆಯಿತು. ಮೊಟ್ಟೆ ಹೆಡೆಯ ಮೇಲೆ ಒಡೆಯಿತು. ಸೂಟಿನವರು ಚಪ್ಪಾಳೆ ತಟ್ಟಿದರು, ಗುರುರಾಜ್ ಕಣ್ಣು ಮುಚ್ಚಿ ತೆರೆದರು.

ಮುಂಗುಸಿ ನೆಕ್ಕಿ ಮುಗಿಸಿ ಹುತ್ತದ ಬಾಯಲ್ಲಿ ಮೂತಿ ಇಟ್ಟು ಮಲಗಿತು. ಅಂಜಿನಮ್ಮ ಕಂಬದ ಕಡೆ ನಡೆದು ಬಂದಳು. ಪರದೆಯ ತುಂಬ ಅವಳ ಕುಂಕುಮ, ಮೂಗುತಿ. ಒಂದು ಕ್ಷಣ ನೇರವಾಗಿ ನಮ್ಮನ್ನೇ ನೋಡಿದಳು. ಕೊರಳಿನ ಕಾರ್ಡು ತೆಗೆದು, ಪಟ್ಟಿಯನ್ನು ಕ್ಯಾಮೆರಾದ ತಲೆಗೆ ಸಿಕ್ಕಿಸಿ, ಕಾರ್ಡನ್ನು ಕಣ್ಣಿನ ಮುಂದೆ ಇಳಿಬಿಟ್ಟಳು.

ಪರದೆಯ ಮೇಲೆ ಕಾರ್ಡಿನೊಳಗಿನ, ಏನೂ ಸ್ಪಷ್ಟವಿಲ್ಲದ ಒಂದು ಮುಖ ಉಳಿಯಿತು. ಹುಬ್ಬು ಗಂಟಿಕ್ಕಿದ ಜಾಗದಲ್ಲಿ ಒಂದು ಕಪ್ಪು ಗೆರೆ, ಅಷ್ಟೇ.

"ಫೋಕಸ್ ಹೋಯ್ತಾ ಮೇಡಂ? ಏನಾದ್ರೂ ಮಾಡಿ" ಅಂದರು ಗುರುರಾಜ್ ಪಿಸುದನಿಯಲ್ಲಿ.

ತೀರಾ ಹತ್ತಿರವಿರುವುದನ್ನು ಯಾವ ಲೆನ್ಸೂ ಹಿಡಿಯುವುದಿಲ್ಲ. ಯಾರಾದರೂ ಹೋಗಿ ಕಾರ್ಡು ಎತ್ತಿದರೆ ಸಾಕಿತ್ತು. ಅದನ್ನು ನಾನು ಅವರಿಗೆ ಹೇಳಲಿಲ್ಲ.

"ಮಷೀನು ಸರಿ ಐತ್ರೀ" ಅಂದೆ. "ಸ್ವಲ್ಪ ಹೊತ್ತು ಹಂಗ ಇರತದ."

ಗಂಡನ ಫೋನು ಬಂತು. ಸೂಟಿನವರು ಕಾಫಿಗೆ ಹೊರಟರು. ಫೋನು ಚೀಲದಲ್ಲೇ ಬಡಿದುಕೊಳ್ಳುತ್ತಿರಲಿ ಎಂದು ಬಿಟ್ಟು, ನಾನು ಆ ಮಸುಕು ಮುಖದ ಎದುರಿನ ಸೋಫಾದ ಮೇಲೆ ಕಾಲು ಚಾಚಿ ಕೂತೆ.